ನೆಲವೇ ಡೊಂಕು

ಮುಂದಿನ ವಾರ ಮತ್ತೆ ಕೆಸರಲ್ಲಿ ಓಡಿಸೋಕೆ ಹೋಗೋಣ್ವಾ ಎಂದು ಜೀಪಿನಲ್ಲಿ ಪಕ್ಕ ಕೂತಿದ್ದ ಹೆಂಡತಿಯನ್ನು ಕೇಳಿದೆ. ಅವಳ ತಲೆ ಮೇಲೆ ಕೆಳಗೆ ಆಡಿತು. ಇಷ್ಟು ಸಲೀಸಾಗಿ ಒಪ್ಪಿಬಿಟ್ಟಳಲ್ಲ ಎಂದು ಹಿಗ್ಗಿದೆ.

"ರೀ, ನಾನು ಬೇಡ ಅಂತಿದ್ದೀನಿ. ತಲೆ ಆಡಿಸ್ತಿರೋದು ನಿಮ್ಮ ಗಾಡಿ."

ಆಗ ಗೊತ್ತಾಯಿತು, ನನ್ನ ತಲೆಯೂ ಹೌದು ಹೌದು ಅನ್ನುತ್ತಿದೆ. ವೇಗ ಬರೀ 25. ರಸ್ತೆ ಸರಿಯಿಲ್ಲ ಎಂದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇಲ್ಲಿ ಕುಣಿಯಬಾರದ್ದೇ ಕುಣಿಯುತ್ತಿತ್ತು, ಆದರೂ ತಪ್ಪು ನೆಲದ್ದೇ. ಅಷ್ಟರಲ್ಲಿ ಹೊಸದಾಗಿ ಟಾರು ಹಾಕಿದ ರಸ್ತೆ ಬಂತು. ಅಲ್ಲೂ ಅದೇ ಕುಣಿತ. ವೇಗ ಹೆಚ್ಚಿಸಿದರೆ ಸ್ಟೇರಿಂಗೂ ಸೇರಿ ನಡುಗಿತು. ನಡುಕ ಸ್ಟೇರಿಂಗಿಗೆ ಬಂದರೆ ಸಾಮಾನ್ಯವಾಗಿ ಮುಂದಿನ ಚಕ್ರ, ಸೀಟಿಗೆ ಬಂದರೆ ಹಿಂದಿನದು ಅಂತ ಲೆಕ್ಕ. ನನಗೆ ಎರಡೂ ಕಡೆ ಬರುತ್ತಿತ್ತು.

ಮನೆಗೆ ಬಂದು ಚಕ್ರದ ಒಳಮಗ್ಗುಲಿಗೆ ಕೈ ಹಾಕಿದೆ. ರಿಮ್ಮಿನ ಒಳಗೆ ಹಳೆಯ ಕೆಸರು ಒಣಗಿ ಇಟ್ಟಿಗೆಯಾಗಿತ್ತು. ಕೆರೆದು ತೆಗೆದದ್ದು ಅರ್ಧ ಬಕೆಟ್. 30 ಇಂಚಿನ ಟೈರು 60 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ ಸುಮಾರು 7 ಸುತ್ತು ಹಾಕುತ್ತದೆ. ಒಂದೇ ಕಡೆ ಅಂಟಿದ ಮಣ್ಣುಂಡೆ ಅಷ್ಟು ಸಲ ಎತ್ತಿ ಎತ್ತಿ ಹಾಕಿದರೆ ಯಾವ ಸ್ಟೇರಿಂಗ್ ಸುಮ್ನೆ ಇರುತ್ತೆ? ಮಣ್ಣು ಹೋದ ಮೇಲೆ ವೇಗದ ನಡುಕ ಹೋಯಿತು. ನಿಧಾನಕ್ಕೆ ಹೋದಾಗಿನ ಕುಣಿತ ಹಾಗೇ ಉಳಿಯಿತು.

ಗಾಡಿ ಮೂರು ತಿಂಗಳು ನಿಂತಲ್ಲೇ ನಿಂತಿತ್ತು ಅನ್ನೋದು ನೆನಪಾಯಿತು. ಅದೂ ಗಾಳಿ ಕಮ್ಮಿ ಇಟ್ಟು. ಹಾಗೆ ನಿಂತರೆ ಟೈರು ನೆಲಕ್ಕೆ ತಾಗಿದ ಕಡೆ ಚಪ್ಪಟೆಯಾಗುತ್ತದೆ. ಗಾಳಿ ಸರಿಮಾಡಿ ಅರ್ಧ ಗಂಟೆ ಓಡಿಸಿದರೆ ರಬ್ಬರು ಬಿಸಿಯಾಗಿ ಎಷ್ಟೋ ಸಲ ತಾನೇ ದುಂಡಗಾಗುತ್ತದೆ. ಓಡಿಸಿದೆ. ಸೀಟಿನ ನಡುಕ ನಿಂತಿತು, ಮೂರು ಟೈರು ಸರಿಹೋದವು. ಮುಂದಿನ ಎಡಗಡೆಯದು ಹಟ ಬಿಡಲಿಲ್ಲ.

ಅದನ್ನು ಬಿಚ್ಚಿ ವೀಲ್ ಬ್ಯಾಲೆನ್ಸಿಂಗಿಗೆ, ಅಂದರೆ ಚಕ್ರದ ತೂಕ ಸುತ್ತಲೂ ಸಮ ಮಾಡಿಸಲು, ಕೊಟ್ಟೆ. ಹುಡುಗ ಅಲ್ಲಲ್ಲಿ ಸೀಸದ ತುಂಡು ಬಡಿದ. ಮೆಷಿನ್ನು ಒಳಗೂ ಸೊನ್ನೆ, ಹೊರಗೂ ಸೊನ್ನೆ ತೋರಿಸಿತು. ಶಾಲೆಯಲ್ಲಿ ಸೊನ್ನೆ ಬಂದಾಗ ಆಗದ ಸಂತೋಷ ಆವತ್ತು ಆಯಿತು. "ಸಾರ್, ಈ ಟೈರು..." ಎಂದು ಹುಡುಗ ಏನೋ ಶುರುಮಾಡಿದ. ಕೇಳಿಸಿಕೊಳ್ಳಲು ನಾನೆಲ್ಲಿದ್ದೆ!

ದಾರಿಯಲ್ಲಿ ಜೀಪು ಮತ್ತೆ ಹೌದು ಹೌದು ಅಂದಿತು.

ಸೀಸ ಬಡಿದು ಕೋಳಿಮೊಟ್ಟೆಗೂ ತೂಕ ಸರಿಮಾಡಬಹುದು. ಅದರಿಂದ ಮೊಟ್ಟೆ ದುಂಡಗಾಗುವುದಿಲ್ಲ. ತೂಕದ ತೊಂದರೆ ವೇಗಕ್ಕೆ ಕಾಣಿಸುತ್ತದೆ, ಆಕಾರದ ತೊಂದರೆ ಆಮೆ ನಡಿಗೆಯಲ್ಲೂ ಕಾಣಿಸುತ್ತದೆ. ಇಷ್ಟು ತಲೆಗೆ ಹೋಗಲು ನನಗೆ ಎರಡು ದಿನ ಬೇಕಾಯಿತು.

ಕೊನೆಗೆ ಜಾಕಿ ಹಾಕಿ, ಕೆಳಗೆ ಸ್ಟ್ಯಾಂಡ್ ಇಟ್ಟು, ನೆಲದ ಮೇಲೆ ಕೂತೆ. ಟೈರಿನ ಎದುರು ಎರಡು ಇಟ್ಟಿಗೆ, ಅದರ ಮೇಲೆ ಒತ್ತಿ ಹಿಡಿದ ಸೀಮೆಸುಣ್ಣ. ಸುಣ್ಣ ಹಿಡಿಯುವ ಕೆಲಸ ಹೆಂಡತಿಗೆ. ನಾನು ಕೈಯಲ್ಲಿ ಚಕ್ರ ತಿರುಗಿಸಿದೆ. ಕೆಸರಿನ ಟೈರಿಗೆ ದಪ್ಪ ದಪ್ಪ ರಬ್ಬರು ಗುಬ್ಬಿ ಇರುತ್ತವಲ್ಲ, ಒಂದೊಂದೂ ಸುಣ್ಣಕ್ಕೆ ತಾಗುತ್ತಾ ಬಂತು. ಟಿಕ್, ಟಿಕ್, ಟಿಕ್. ಆಮೇಲೆ ಸದ್ದಿಲ್ಲ. ನಾಲ್ಕು ಗುಬ್ಬಿ ಗಾಳಿಯಲ್ಲೇ ದಾಟಿಹೋದವು. ಮತ್ತೆ ಟಿಕ್. ಸದ್ದಿಲ್ಲದ ಜಾಗದಲ್ಲಿ ಅಳತೆಪಟ್ಟಿ ಹಿಡಿದರೆ 5 ಮಿ.ಮೀ. ಸಂದು! ಒಂದೂವರೆ ಮಿ.ಮೀ. ಏರುಪೇರಿಗೇ ಕಾರುಗಳು ಗೊಣಗುತ್ತವೆ. ಕೆಸರಿನ ಟೈರಿಗೆ ಸ್ವಲ್ಪ ಜಾಸ್ತಿ ಮಾಫಿ ಉಂಟು, ಆದರೆ ಇಷ್ಟಲ್ಲ.

ಬಂಡೆಗೆ ಬಡಿದು ರಿಮ್ಮು ಸೊಟ್ಟಗಾಗಿರಬೇಕು ಎಂದು ಸುಣ್ಣವನ್ನು ರಿಮ್ಮಿನ ಅಂಚಿಗೆ ಹಿಡಿಸಿದೆ. ಗೆರೆ ಒಂದೇ ಸಮ ಬಿತ್ತು. ರಿಮ್ಮು ನಿರಪರಾಧಿ. ಟೈರಿನ ಮೈಯಲ್ಲಿ ಎಲ್ಲಾದರೂ ಉಬ್ಬಿದೆಯೇ ಎಂದು ಸವರಿ ನೋಡಿದೆ. ಉಬ್ಬಿದ್ದರೆ ಒಳಗಿನ ಪದರ ಬಿಟ್ಟಿದೆ ಅಂತ ಅರ್ಥ. ಅದಕ್ಕೆ ರಿಪೇರಿ ಇಲ್ಲ, ಎಸೆಯಬೇಕು. ಉಬ್ಬೂ ಇರಲಿಲ್ಲ.

"ಸುತ್ತ ಒಂದು ಗೆರೆ ಇದೆಯಲ್ಲ, ಅದು ಇಲ್ಲಿ ಎಲ್ಲಿ ಹೋಯ್ತು?" ಅಂದಳು ಹೆಂಡತಿ.

ರಿಮ್ಮಿನ ಪಕ್ಕದಲ್ಲೇ ಟೈರಿನ ಮೇಲೆ ತೆಳ್ಳಗೆ ಒಂದು ಗೆರೆ ಸುತ್ತು ಬಂದಿರುತ್ತದೆ. ಟೈರು ಸರಿಯಾಗಿ ಕೂತಿದೆಯೋ ಇಲ್ಲವೋ ನೋಡಲೆಂದೇ ಇರುವುದು ಅದು. ನಮ್ಮದರಲ್ಲಿ ಒಂದು ಗೇಣಿನಷ್ಟು ಜಾಗದಲ್ಲಿ ಗೆರೆ ರಿಮ್ಮಿನೊಳಗೆ ಅಡಗಿತ್ತು. ಸುಣ್ಣ ತಾಗದ ಜಾಗವೂ ಅದೇ. ಅಲ್ಲಿ ಟೈರಿನ ಅಂಚು ಪೂರ್ತಿ ಮೇಲೇರಿ ಕೂತಿರಲಿಲ್ಲ.

"ಈ ಟೈರು ಹಾಕಿದ್ದು ಯಾರು?"

ಆ ಪ್ರಶ್ನೆಯನ್ನು ಅವಳು ಕೇಳಬಾರದಿತ್ತು. ಮೂರು ತಿಂಗಳ ಹಿಂದೆ ಎರಡು ಲಿವರ್ ಹಿಡಿದು, ಸೋಪುನೀರು ಗೀಪುನೀರು ಯಾಕೆ ಎಂದು ಒಣಒಣವಾಗಿ ತುರುಕಿ, ಅವಳ ಕೈಲೇ ಫೋಟೋ ತೆಗೆಸಿಕೊಂಡವನು ನಾನೇ.

ಗಾಳಿ ಪೂರ್ತಿ ಬಿಟ್ಟು, ಅಂಚನ್ನು ರಿಮ್ಮಿನಿಂದ ಬಿಡಿಸಿ, ಈ ಸಲ ಧಾರಾಳವಾಗಿ ಸೋಪುನೀರು ಬಳಿದೆ. ದೂರ ನಿಂತು ಗಾಳಿ ಹಾಕಿದೆ. ಇಲ್ಲಿ ಜಂಭ ಬೇಡ, ಗಾಳಿಯ ಒತ್ತಡ 40 ಪಿಎಸ್‌ಐ ದಾಟಿಸಬಾರದು. ಕೂರದಿದ್ದರೆ ಗಾಳಿ ಬಿಟ್ಟು ಮತ್ತೆ ಸೋಪು. ಮೊದಲ ಸಲ ಕೂರಲಿಲ್ಲ. ಎರಡನೇ ಸಲ 'ಠಪ್' ಅಂದಿತು. ಗೆರೆ ಸುತ್ತಲೂ ಮೂಡಿತು. ರಿಮ್ಮಿನಲ್ಲೂ ಏರುಪೇರು ಇದ್ದು ಇದಕ್ಕೂ ಬಗ್ಗದಿದ್ದಿದ್ದರೆ ಟೈರನ್ನು ರಿಮ್ಮಿನ ಮೇಲೆ ಅರ್ಧ ಸುತ್ತು ತಿರುಗಿಸಿ ಹಾಕಬೇಕಿತ್ತು. ಟೈರಿನ ಏರು ರಿಮ್ಮಿನ ತಗ್ಗಿಗೆ ಬಿದ್ದರೆ ಒಂದಕ್ಕೊಂದು ವಜಾ ಆಗುತ್ತವೆ.

ಕೂತ ರೀತಿ ಬದಲಾದ ಮೇಲೆ ಹಳೆಯ ಸೀಸದ ಲೆಕ್ಕ ನಡೆಯಲ್ಲ. ಮತ್ತೆ ಅದೇ ಹುಡುಗನ ಹತ್ತಿರ ಹೋದೆ.

"ಆವತ್ತು ಅದೇ ಹೇಳೋಕೆ ಬಂದೆ ಸಾರ್, ಟೈರು ಕೂತಿಲ್ಲ ಅಂತ. ನೀವು ಸೊನ್ನೆ ಸೊನ್ನೆ ಅಂತ ಹೊರಟೇಬಿಟ್ರಿ."

ಈಗ ಜೀಪು ನೆಟ್ಟಗೆ ಓಡುತ್ತದೆ. ನಮ್ಮಿಬ್ಬರ ತಲೆಯೂ ನೆಟ್ಟಗಿದೆ. ಮೊನ್ನೆ ಮತ್ತೆ ಕೇಳಿದೆ, ಮುಂದಿನ ವಾರ ಕೆಸರಿಗೆ ಹೋಗೋಣ್ವಾ?

ತಲೆ ಅಡ್ಡಡ್ಡ ಆಡಿತು. ಈ ಸಲ ದೂರಲು ಟೈರೂ ಇರಲಿಲ್ಲ.