ದೊಡ್ಡ ಫುಟ್‌ಬಾಲ್ ಕ್ಲಬ್ಬಿನ ಎರಡನೇ ತಂಡ ಕೆಳಹಂತದ ಲೀಗಿನಲ್ಲಿ ಆಡಬೇಕೆ?

ಪರ

ಬೆಳಗಾವಿಯ ತಾಲೀಮುಗಳನ್ನು, ಅಂದರೆ ಕುಸ್ತಿಯ ಗರಡಿಗಳನ್ನು, ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದೇ ಮಣ್ಣಿನಲ್ಲಿ, ಒಬ್ಬನೇ ವಸ್ತಾದನ ಕೈಕೆಳಗೆ, ದಿನವೂ ಅದೇ ಜೊತೆಗಾರರೊಡನೆ ಸೆಣಸುವ ಹುಡುಗನಿಗೆ ಪಟ್ಟುಗಳೆಲ್ಲ ಬಂದಿರುತ್ತವೆ. ಆದರೆ ಜಾತ್ರೆಯ ಕಣದಲ್ಲಿ ಗುರುತಿಲ್ಲದ ಪೈಲ್ವಾನನ ಎದುರು, ಸೋಲು-ಗೆಲುವು ತೀರ್ಮಾನವಾಗುವವರೆಗೆ ನಡೆಯುವ ನಿಕಾಲಿ ಕುಸ್ತಿಗೆ ಇಳಿದಾಗಲೇ ತನ್ನ ಬಲ ಎಷ್ಟೆಂಬುದು ಅವನಿಗೂ ತಿಳಿಯುತ್ತದೆ. ದೊಡ್ಡ ಫುಟ್‌ಬಾಲ್ ಕ್ಲಬ್ಬುಗಳಲ್ಲಿರುವ ಹದಿನೆಂಟು-ಇಪ್ಪತ್ತು ವರ್ಷದವರ ಸ್ಥಿತಿಯೂ ಇದೇ. ಓರಗೆಯವರೊಡನೆ ಆಡುವ ಕಿರಿಯರ ಲೀಗಿನಲ್ಲಿ ಸೋತರೆ ಯಾರಿಗೂ ನಷ್ಟವಿಲ್ಲ, ಮೊದಲ ತಂಡದಲ್ಲಿ ಜಾಗ ಸಿಗುವುದಿಲ್ಲ. ಆಟಗಾರ ಗಟ್ಟಿಯಾಗಬೇಕಾದ ವಯಸ್ಸು ಬೆಂಚಿನ ಮೇಲೆ ಕಳೆದುಹೋಗುತ್ತದೆ.

ಸ್ಪೇನ್ ಈ ತೊಡಕನ್ನು ಬಹಳ ಹಿಂದೆಯೇ ಬಿಡಿಸಿಕೊಂಡಿತು. ಅಲ್ಲಿ ದೊಡ್ಡ ಕ್ಲಬ್ಬುಗಳ ಕಿರಿಯರು ಆಡುವ ಎರಡನೇ ತಂಡಗಳು ಎಲ್ಲರಂತೆ ಲೀಗಿನ ಮೆಟ್ಟಿಲುಗಳನ್ನು ಹತ್ತಿಳಿಯುತ್ತವೆ. ಮೊದಲ ತಂಡ ಇರುವ ಹಂತಕ್ಕೆ ಮಾತ್ರ ಏರುವಂತಿಲ್ಲ. 2007ರಲ್ಲಿ ತರಬೇತುದಾರ ಪೆಪ್ ಗಾರ್ಡಿಯೊಲ ಬಾರ್ಸಿಲೋನಾದ ಬಿ ತಂಡವನ್ನು ವಹಿಸಿಕೊಂಡಾಗ ಅದು ನಾಲ್ಕನೇ ಹಂತಕ್ಕೆ ಬಿದ್ದಿತ್ತು. ಆ ವರ್ಷ ಸಣ್ಣ ಊರುಗಳ ಮೈದಾನಗಳಲ್ಲಿ, ತಮಗಿಂತ ಹತ್ತು ವರ್ಷ ಹಿರಿಯರಾದ ಡಿಫೆಂಡರುಗಳ ಮೊಣಕೈ ಏಟು ತಿನ್ನುತ್ತ ಆಡಿದವರಲ್ಲಿ ಸೆರ್ಜಿಯೊ ಬುಸ್ಕೆಟ್ಸ್ ಮತ್ತು ಪೆಡ್ರೊ ಇದ್ದರು. 2010ರ ವಿಶ್ವಕಪ್ ಫೈನಲ್ಲಿನಲ್ಲಿ ಸ್ಪೇನ್ ಕಣಕ್ಕಿಳಿಸಿದ ಹನ್ನೊಂದು ಮಂದಿಯಲ್ಲಿ ಇಬ್ಬರೂ ಇದ್ದರು. ಜರ್ಮನಿಯ ಥಾಮಸ್ ಮುಲ್ಲರ್ 2008-09ರಲ್ಲಿ ಬಾಯರ್ನ್ ಮ್ಯೂನಿಕ್‌ನ ಎರಡನೇ ತಂಡದ ಪರವಾಗಿ ಮೂರನೇ ಹಂತದಲ್ಲಿ ಆಡುತ್ತಿದ್ದರು. ಮರುವರ್ಷದ ಕೊನೆಗೆ ಅದೇ ವಿಶ್ವಕಪ್ಪಿನಲ್ಲಿ 5 ಗೋಲು ಹೊಡೆದು ಗೋಲ್ಡನ್ ಬೂಟ್ ಪಡೆದರು.

ಸಣ್ಣ ಕ್ಲಬ್ಬುಗಳು ಇದರಿಂದ ಮುಳುಗುತ್ತವೆ ಎಂಬ ಅಂಜಿಕೆಗೆ ಉತ್ತರ ನಮ್ಮ ಮಗ್ಗುಲಲ್ಲೇ ಇದೆ. ಚೋರ್ಲಾ ಘಾಟ್ ಇಳಿದು ಗೋವಾಕ್ಕೆ ಹೋದರೆ, ಅಲ್ಲಿಯ ಪ್ರೊ ಲೀಗಿನಲ್ಲಿ ಎಫ್‌ಸಿ ಗೋವಾದ ಎರಡನೇ ತಂಡವು ಹಳೆಯ ಕ್ಲಬ್ಬುಗಳೊಡನೆ ಸರಿಸಮವಾಗಿ ಸೆಣಸುವುದನ್ನು ನೋಡಬಹುದು. 2018-19ರ ಪ್ರಶಸ್ತಿಯನ್ನೂ ಅದೇ ತಂಡ ಗೆದ್ದಿತು. ಅದರಿಂದ ಅಲ್ಲಿಯ ಹಳೆಯ ಕ್ಲಬ್ಬಾದ ಡೆಂಪೊದ ಬಾಗಿಲೇನೂ ಮುಚ್ಚಲಿಲ್ಲ. 2024-25ರಲ್ಲಿ ಅದು ರಾಷ್ಟ್ರೀಯ ಮಟ್ಟದ ಐ-ಲೀಗಿಗೆ ಮರಳಿತು. ಬೆಳಗಾವಿಯಿಂದ ಆಯ್ಕೆಯಾಗಿ ಐನೂರು ಕಿಲೋಮೀಟರ್ ದೂರದ ಬೆಂಗಳೂರಿನ ಹಾಸ್ಟೆಲ್ಲಿನಲ್ಲಿ ಉಳಿಯುವ ಹುಡುಗನಿಗೆ ಬೇಕಾಗಿರುವುದು ಇನ್ನೊಂದು ಶಿಬಿರವಲ್ಲ, ವಾರಕ್ಕೊಂದು ನಿಜವಾದ ಪಂದ್ಯ.

ವಿರೋಧ

ಕುಸ್ತಿಯ ಹೋಲಿಕೆ ಕೇಳಲು ಚೆನ್ನಾಗಿದೆ, ಆದರೆ ಇಲ್ಲಿ ಹೊಂದುವುದಿಲ್ಲ. ಕಣದಲ್ಲಿ ಚಿತ್ ಆದವನು ಆ ದಿನದ ಇನಾಮನ್ನಷ್ಟೇ ಕಳೆದುಕೊಳ್ಳುತ್ತಾನೆ. ಲೀಗಿನಲ್ಲಿ ಹಾಗಲ್ಲ: ಇಂದು ಒಂದು ತಂಡ ಬಿಟ್ಟುಕೊಟ್ಟ ಅಂಕವು ಆರು ತಿಂಗಳ ನಂತರ, ಈ ಪಂದ್ಯಕ್ಕೆ ಸಂಬಂಧವೇ ಇಲ್ಲದ ಮೂರನೆಯ ತಂಡದ ಬಡ್ತಿಯನ್ನೋ ಹಿಂಬಡ್ತಿಯನ್ನೋ ನಿರ್ಧರಿಸಬಹುದು. ಆದ್ದರಿಂದ ಲೀಗಿನಲ್ಲಿರುವ ಪ್ರತಿಯೊಂದು ತಂಡವೂ ಪ್ರತಿ ಪಂದ್ಯವನ್ನು ಗೆಲ್ಲಲೆಂದೇ ಆಡುತ್ತದೆ ಎಂಬ ನಂಬಿಕೆ ಇರಬೇಕು, ಮತ್ತು ಎರಡನೇ ತಂಡಗಳ ವಿಷಯದಲ್ಲಿ ಆ ನಂಬಿಕೆ ಇಟ್ಟುಕೊಳ್ಳುವುದು ಕಷ್ಟ. ಮೊದಲ ತಂಡದಲ್ಲಿ ಇಬ್ಬರಿಗೆ ಗಾಯವಾದರೆ ಎರಡನೇ ತಂಡದ ಅತ್ಯುತ್ತಮ ಇಬ್ಬರು ಮೇಲಕ್ಕೆ ಹೋಗುತ್ತಾರೆ. ಮುಂದಿನ ವಾರ ಚೇತರಿಸಿಕೊಳ್ಳುತ್ತಿರುವ ಅಂತರರಾಷ್ಟ್ರೀಯ ಆಟಗಾರನೊಬ್ಬ ಕೆಳಗೆ ಇಳಿದು ಬರುತ್ತಾನೆ. ಒಂದೇ ಹೆಸರಿನ ತಂಡ, ಎದುರಾಳಿಗಳಿಗೆ ಮಾತ್ರ ವಾರಕ್ಕೊಂದು ಅವತಾರ!

ಗೆದ್ದರೂ ಮೇಲೇರಲಾಗದ ತಂಡದ ಅಸಂಗತತೆ ಬೇರೆ. ರಿಯಲ್ ಮ್ಯಾಡ್ರಿಡ್‌ನ ಎರಡನೇ ತಂಡವಾದ ಕ್ಯಾಸ್ಟಿಲ್ಯಾ 1984ರಲ್ಲಿ ಸ್ಪೇನಿನ ಎರಡನೇ ಹಂತವನ್ನು ಗೆದ್ದು ಅಲ್ಲೇ ಉಳಿಯಿತು. 2018ರಲ್ಲಿ ನೆದರ್ಲೆಂಡ್ಸಿನ ಎರಡನೇ ಹಂತದಲ್ಲಿ ಅಯಾಕ್ಸ್ ಕ್ಲಬ್ಬಿನ ಎರಡನೇ ತಂಡವಾದ ಯೊಂಗ್ ಅಯಾಕ್ಸ್, 2020ರಲ್ಲಿ ಜರ್ಮನಿಯ ಮೂರನೇ ಹಂತದಲ್ಲಿ ಬಾಯರ್ನ್‌ನ ಎರಡನೇ ತಂಡ ಇದೇ ಕಥೆಯನ್ನು ಮುಂದುವರಿಸಿದವು. 2017-18ರಲ್ಲಿ ನಮ್ಮ ಐ-ಲೀಗಿನ ಎರಡನೇ ಡಿವಿಷನ್ನಿಗೆ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಕ್ಲಬ್ಬುಗಳ ಮೀಸಲು ತಂಡಗಳನ್ನು ಸೇರಿಸಿಕೊಂಡಾಗಲೂ ಬಡ್ತಿಯ ಹಕ್ಕನ್ನು ಕೊಡಲಿಲ್ಲ. ಹಿಂದಿನ ಸ್ಥಾನದಲ್ಲಿದ್ದವರೇ ಮೇಲೇರುತ್ತಾರಲ್ಲ, ನಷ್ಟವೇನು ಎಂದು ಕೇಳುವವರು ಜಾಗಗಳ ಲೆಕ್ಕವನ್ನು ಮರೆಯುತ್ತಾರೆ. ನೆದರ್ಲೆಂಡ್ಸಿನ ಎರಡನೇ ಹಂತದ 20 ಸ್ಥಾನಗಳಲ್ಲಿ 4 ಸ್ಥಾನಗಳು ದೊಡ್ಡ ಕ್ಲಬ್ಬುಗಳ ಕಿರಿಯರಿಗೆ ಹೋದವು. ಅಂದರೆ ನಾಲ್ಕು ಊರುಗಳ ಸರದಿ ತಪ್ಪಿತು.

ಇಂಗ್ಲೆಂಡಿನ ಅನುಭವ ಇನ್ನೂ ಕಹಿಯಾದದ್ದು. 2014ರಲ್ಲಿ ಅಲ್ಲಿಯ ಫುಟ್‌ಬಾಲ್ ಸಂಸ್ಥೆಯ ಅಧ್ಯಕ್ಷ ಗ್ರೆಗ್ ಡೈಕ್ ನೇತೃತ್ವದ ಆಯೋಗವು ಬಿ ತಂಡಗಳಿಗೂ ಸ್ಥಾನವಿರುವ ಹೊಸ ಡಿವಿಷನ್ನನ್ನು ಸೂಚಿಸಿದಾಗ ಕೆಳಹಂತದ ಕ್ಲಬ್ಬುಗಳು ಮತ್ತು ಅಭಿಮಾನಿಗಳು ಅದನ್ನು ಒಪ್ಪಲಿಲ್ಲ. ಆದರೂ 2016ರಲ್ಲಿ ಕೆಳಹಂತದವರ ಇಎಫ್‌ಎಲ್ ಟ್ರೋಫಿಗೆ ದೊಡ್ಡ ಕ್ಲಬ್ಬುಗಳ ಕಿರಿಯರ 16 ಅಕಾಡೆಮಿ ತಂಡಗಳು ಬಂದವು; ಪ್ರೇಕ್ಷಕರು ಬಹಿಷ್ಕಾರ ಹಾಕಿದ್ದರಿಂದ ಗ್ಯಾಲರಿಗಳು ಖಾಲಿ ಹೊಡೆದವು. ಅದೇ ವರ್ಷ, ಅದೇ ಟ್ರೋಫಿಯಲ್ಲಿ ದುರ್ಬಲ ತಂಡವನ್ನು ಇಳಿಸಿದ ಕಾರಣಕ್ಕೆ ಲೂಟನ್ ಟೌನ್‌ನಂಥ ಕ್ಲಬ್ಬಿಗೆ ದಂಡ ಬಿತ್ತು. ದೊಡ್ಡವರು ಹುಡುಗರನ್ನು ಕಳಿಸಿದರೆ ಅದು ಅಭಿವೃದ್ಧಿ, ಸಣ್ಣವರು ತಮ್ಮ ಹುಡುಗರನ್ನು ಆಡಿಸಿದರೆ ಅದು ಅಪರಾಧ ಎಂಬ ನ್ಯಾಯ ನನಗಂತೂ ಅರ್ಥವಾಗಿಲ್ಲ.

ಹುಡುಗರಿಗೆ ನಿಜವಾದ ಪಂದ್ಯ ಬೇಕು ಎಂಬುದರಲ್ಲಿ ನನಗೂ ತಕರಾರಿಲ್ಲ. ಆದರೆ ಅದಕ್ಕೆ, ಆಟಗಾರನನ್ನು ಕೆಲಕಾಲ ಬೇರೆ ಕ್ಲಬ್ಬಿನ ಪರವಾಗಿ ಆಡಲು ಕಳಿಸುವ, ಎರವಲಿನ ದಾರಿ ಇದೆ. ಇಂಗ್ಲೆಂಡಿನ ಸ್ಟ್ರೈಕರ್ ಹ್ಯಾರಿ ಕೇನ್ 2011ರಲ್ಲಿ ಟಾಟನಮ್‌ನಿಂದ ಎರವಲು ಹೋಗಿ ಆಡಿದ್ದು ಮೂರನೇ ಹಂತದ ಲೇಟನ್ ಓರಿಯಂಟ್‌ಗೆ. ಅಲ್ಲಿ ಅವರು ಗಳಿಸಿದ ಅಂಕಗಳು ಓರಿಯಂಟ್‌ನವೇ ಆದವು. ಬೆಂಗಳೂರಿನ ದೊಡ್ಡ ಕ್ಲಬ್ಬೊಂದು ತನ್ನ ಹತ್ತೊಂಬತ್ತು ವರ್ಷದ ಸ್ಟ್ರೈಕರನನ್ನು ಒಂದು ಋತುವಿನ ಮಟ್ಟಿಗೆ, ಅವನ ಸಂಬಳದ ಭಾರವನ್ನು ತಾನೇ ಹೊತ್ತು, ಸದಸ್ಯರ ವರ್ಗಣಿಯಿಂದ ನಡೆಯುವ ಬೆಳಗಾವಿಯ ಕ್ಲಬ್ಬೊಂದಕ್ಕೆ ಕಳಿಸಿ ನೋಡಲಿ. ಲೇಲೆ ಮೈದಾನದ ಮಳೆಗಾಲದ ಕೆಸರಿನಲ್ಲಿ, ಹಗಲು ನೌಕರಿ ಮುಗಿಸಿ ಬರುವ ಮೂವತ್ತರ ಡಿಫೆಂಡರನೊಂದಿಗೆ ಒಂದೇ ಜೆರ್ಸಿ ತೊಟ್ಟು ಆಡಿದರೆ ಅವನು ಕಲಿಯುವುದೇನೂ ಕಡಿಮೆಯಾಗುವುದಿಲ್ಲ, ಮತ್ತು ಅವನು ಹೊಡೆದ ಗೋಲು ಈ ಊರಿನ ಲೆಕ್ಕಕ್ಕೆ ಬರುತ್ತದೆ.