ಮೊದಲು ಕಾರು ನಿಲ್ಲಲಿ, ಮನೆ ಆಮೇಲೆ

ಖಾಲಿ ಸೈಟಿನಲ್ಲಿ ಮೊದಲು ಜಾಗ ಸಿಗುವುದು ಯಾರಿಗೆ? ಕಾರಿಗೆ. ಅದು ಇನ್ನೂ ಶೋರೂಮಿನಲ್ಲೇ ಇರಬಹುದು. ಮನೆ ಮುಗಿಯುವಷ್ಟರಲ್ಲಿ ಅದನ್ನು ಕೊಳ್ಳುವ ದುಡ್ಡೂ ಖಾಲಿಯಾಗಿರಬಹುದು. ಆದರೂ ಪ್ಲ್ಯಾನಿನ ಹಾಳೆಯ ಮೇಲೆ ಎಲ್ಲರಿಗಿಂತ ಮುಂಚೆ ಬಂದು ನಿಂತಿರುತ್ತದೆ. ಬೆಳಗಿನ ಎಳೆಬಿಸಿಲು, ಒಳ್ಳೆಯ ಗಾಳಿ ಎಲ್ಲ ಅದಕ್ಕೇ. ಉಳಿದ ಜಾಗದಲ್ಲಿ ಮನುಷ್ಯರು ಅಡ್ಜಸ್ಟ್ ಮಾಡಿಕೊಳ್ಳಬೇಕು.

ಎರಡನೆಯ ಹಕ್ಕು ದಾರಿಹೋಕರದು. ಮನೆ ರಸ್ತೆಗೇ ಮುಖ ಮಾಡಬೇಕು, ಎಲಿವೇಷನ್, ಅಂದರೆ ಮನೆಯ ಮುಂಭಾಗದ ನೋಟ, ಎದ್ದು ಕಾಣಬೇಕು. ಯಾರಿಗೆ? ಒಳಗಿರುವವರಿಗಂತೂ ಕಾಣುವುದಿಲ್ಲ. ಅಷ್ಟು ಖರ್ಚು ಮಾಡಿದವರು ಅದನ್ನು ನೋಡಬೇಕೆಂದರೆ ಚಪ್ಪಲಿ ಮೆಟ್ಟಿಕೊಂಡು, ರಸ್ತೆ ದಾಟಿ, ಎದುರು ಮನೆಯ ಗೇಟಿಗೆ ಒರಗಿ ನಿಲ್ಲಬೇಕು.

ರಸ್ತೆ ಪಶ್ಚಿಮಕ್ಕಿದ್ದರೆ ದೊಡ್ಡ ಗಾಜೂ ಪಶ್ಚಿಮಕ್ಕೇ. ಸಂಜೆಯ ಸೂರ್ಯ ತಗ್ಗಿನಲ್ಲಿರುತ್ತಾನೆ, ಬಿಸಿಲು ಅಡ್ಡಡ್ಡ ನುಗ್ಗುತ್ತದೆ. ಕಿಟಕಿ ಮೇಲಿನ ಸಜ್ಜಾ ತಡೆಯುವುದು ಮೇಲಿಂದ ಬೀಳುವ ಬಿಸಿಲನ್ನು. ಇದರ ಎದುರು ಅದು ಲೆಕ್ಕಕ್ಕಿಲ್ಲ. ದಪ್ಪ ಗೋಡೆ ಸಂಜೆತನಕ ಕಾದು, ನಾವು ಮಲಗುವ ಹೊತ್ತಿಗೆ ಸರಿಯಾಗಿ ಆ ಶಾಖವನ್ನು ಒಳಗೆ ಬಿಡುತ್ತದೆ. ಆಗ ಗಾಜಿಗೆ ಪರದೆ, ಪರದೆಗೆ ಇನ್ನೊಂದು ಪರದೆ, ಕತ್ತಲಾಯಿತೆಂದು ಹಗಲಲ್ಲೇ ಲೈಟು. ಗಾಜು ಹಾಕಿಸಿದ್ದು ಬೆಳಕಿಗಲ್ವಾ ಎಂದು ಮಾತ್ರ ಕೇಳಬೇಡಿ. ಬೇಜಾರು ಮಾಡಿಕೊಳ್ಳುತ್ತಾರೆ.

ಕ್ರಿ.ಪೂ. 5ನೇ ಶತಮಾನದ ಗ್ರೀಸಿನ ಒಲಿಂಥಸ್ ಊರಿನವರಿಗೆ ಇಷ್ಟು ನಾಗರಿಕತೆ ಇರಲಿಲ್ಲ, ಪಾಪ. ಬೀದಿ ಎತ್ತ ಕಡೆಗಾದರೂ ಇರಲಿ, ಮುಖ್ಯ ಕೋಣೆಗಳನ್ನು ಉತ್ತರಕ್ಕೆ ಕಟ್ಟಿ, ದಕ್ಷಿಣದ ಅಂಗಳಕ್ಕೆ ತೆರೆದಿಟ್ಟರು. ಅಲ್ಲಿ ಚಳಿಗಾಲದ ಸೂರ್ಯ ದಕ್ಷಿಣದಲ್ಲಿ ತಗ್ಗಿ ನಡೆಯುತ್ತಾನೆ, ಬಿಸಿಲು ಒಳಗೆ ಬರುತ್ತದೆ. ಬೇಸಿಗೆಯಲ್ಲಿ ಮೇಲೇರುತ್ತಾನೆ, ಮಾಡಿನಿಂದ ನೆರಳಾಗುತ್ತದೆ. ಸಾಕ್ರಟೀಸನೂ ಮನೆ ಹೀಗೇ ಇರಬೇಕು ಎಂದಿದ್ದನಂತೆ. ಅವನ ಶಿಷ್ಯನೊಬ್ಬ ಬರೆದಿಟ್ಟಿದ್ದಾನೆ. ಆ ಸಾಕ್ರಟೀಸನಿಗೆ ಅವನ ಊರಾದ ಅಥೆನ್ಸಿನವರು ವಿಷ ಕುಡಿಸಿದರು. ಕಾರಣ ಬೇರೆ, ಬಿಡಿ.

ನಾವೂ ದಿಕ್ಕು ನೋಡುತ್ತೇವೆ. ಕಬ್ಬಿಣದ ರಾಡುಗಳ ರಾಶಿಯ ಮೇಲೆ ಮೊಬೈಲ್ ಇಟ್ಟು ಉತ್ತರ ಹುಡುಕುತ್ತೇವೆ. ಅದು ರಾಡಿನ ಮಾತು ಕೇಳಿ ಎತ್ತಲೋ ತೋರಿಸುತ್ತದೆ. ಹಾಗೆ ನೋಡಿದರೆ ಸೂರ್ಯ ನೇರ ಪೂರ್ವದಲ್ಲಿ ಹುಟ್ಟುವುದೂ ವರ್ಷಕ್ಕೆ ಎರಡೇ ಸಲ, ಮಾರ್ಚ್ 20 ಮತ್ತು ಸೆಪ್ಟೆಂಬರ್ 22ರ ಆಸುಪಾಸಿನಲ್ಲಿ. ಉಳಿದಂತೆ ಆ ಕಡೆ ಈ ಕಡೆ ಸರಿಯುತ್ತಲೇ ಇರುತ್ತಾನೆ. ಆಗಾಗ ಸೈಟಿಗೆ ಹೋಗಿ ಸುಮ್ನೆ ಕೂತಿದ್ದರೆ ನೆರಳು ಎಲ್ಲಿ ಬೀಳುತ್ತದೆ, ಗಾಳಿ ಎತ್ತಣಿಂದ ಬರುತ್ತದೆ ಎಲ್ಲ ತಿಳಿಯುತ್ತಿತ್ತು. ಅಷ್ಟು ಪುರುಸೊತ್ತು ಯಾರಿಗಿದೆ? ಬಾತ್‌ರೂಮಿನ ಟೈಲ್ಸ್ ಆರಿಸುವುದಿದೆ.

ಸೈಟು ಇಳಿಜಾರಾಗಿದ್ದರಂತೂ ಕೇಳಲೇಬೇಡಿ. ಮಳೆನೀರು ತಾನಾಗಿ ಹರಿದು ಹೋಗುವ ಜಾಗ ಅದು. ಅಷ್ಟು ಸುಲಭವಾದರೆ ಹೇಗೆ? ಮೇಲಿನ ಮಣ್ಣು ಕಡಿದು ಕೆಳಗೆ ಸುರಿದು ಸಮ ಮಾಡುತ್ತಾರೆ. ಸುರಿದ ಮಣ್ಣು ಜಾರದಂತೆ ತಡೆಗೋಡೆ. ಗೋಡೆಯ ಹಿಂದೆ ನೀರು ತುಂಬಿ ಒತ್ತುತ್ತದೆ ಎಂದು ಗೋಡೆಗೆ ತೂತು. ತೂತಿನ ನೀರಿಗೆ ಚರಂಡಿ. ಮನೆಯ ಅರ್ಧ ಗಟ್ಟಿ ನೆಲದ ಮೇಲೆ, ಇನ್ನರ್ಧ ಸುರಿದ ಮಣ್ಣಿನ ಮೇಲೆ. ಆ ಅರ್ಧ ನಿಧಾನಕ್ಕೆ ಕೂರುತ್ತದೆ, ಗೋಡೆಯ ಮೇಲೆ ಓರೆ ಬಿರುಕು ಬರುತ್ತದೆ. ಬಿರುಕಿನ ಮೇಲೆ ದೊಡ್ಡ ಫೋಟೊ.

ಪಶ್ಚಿಮದಲ್ಲಿದ್ದ ಮರ? ಎಲೆ ಉದುರಿ ಗಲೀಜಾಗುತ್ತದೆ ಎಂದು ಮೊದಲ ದಿನವೇ ಕಡಿಸಿಯಾಗಿದೆ.

ಕೊನೆಗೆ ಸೆಟ್‌ಬ್ಯಾಕ್. ಸುತ್ತ ಇಷ್ಟಿಷ್ಟು ಜಾಗ ಬಿಡಿ ಎಂಬ ನಿಯಮ ಇರುವುದು ಗಾಳಿ ಬೆಳಕಿಗೆ. ಬಿಡಬೇಕಾದ ಅಂಚಿನವರೆಗೂ ಮನೆಯನ್ನು ಎಳೆದು ಕಟ್ಟುತ್ತಾರೆ. ಪಕ್ಕದವರೂ ಹಾಗೇ. ನಡುವಿನ ಸಂದಿಯಲ್ಲಿ ಇವರ ಬೆಡ್‌ರೂಮ್ ಕಿಟಕಿಗೆ ನೇರ ಅವರ ಬೆಡ್‌ರೂಮ್ ಕಿಟಕಿ. ಎರಡೂ ಕಾಯಂ ಮುಚ್ಚಿವೆ. ಎರಡು ಮನೆಯ ಏಸಿಯ ಹೊರಗಿನ ಪೆಟ್ಟಿಗೆಗಳು ಅಲ್ಲೇ ಎದುರುಬದುರು ಕೂತು, ಒಂದರ ಮುಖಕ್ಕೆ ಇನ್ನೊಂದು ಬಿಸಿಗಾಳಿ ಊದುತ್ತಿವೆ. ಏಸಿ ಯಾಕೋ ಸರಿಯಾಗಿ ತಂಪು ಕೊಡುತ್ತಿಲ್ಲ, ಇನ್ನೂ ದೊಡ್ಡದು ಹಾಕಿಬಿಡಿ ಎಂದು ಎರಡೂ ಮನೆಯವರು ಮೆಕ್ಯಾನಿಕ್‌ಗೆ ಫೋನ್ ಮಾಡುತ್ತಿದ್ದಾರೆ.