ಹಳೇ ಡಬ್ಬಕ್ಕೆ ಸೆಕೆಂಡ್‌ಹ್ಯಾಂಡ್ ಕಾರ್ಡು

ನಮ್ಮನೇಲಿ ಒಂದು ಡೆಸ್ಕ್‌ಟಾಪ್ ಇದೆ, 2012ರಲ್ಲಿ ಬೆಂಗಳೂರಿನ ಎಸ್.ಪಿ. ರೋಡಲ್ಲಿ ಒಂದೊಂದೇ ಪಾರ್ಟ್ ತಂದು ಜೋಡ್ಸಿದ್ದು. ಆ ಡಬ್ಬಕ್ಕೆ ಮನೆಯವ್ರೆಲ್ಲ ಸಿಪಿಯು ಅಂತಾರೆ. ಸಿಪಿಯು ಅಂದ್ರೆ ಒಳಗಿರೋ ಬಿಸ್ಕತ್ತಿನಷ್ಟು ಚಿಪ್ಪು ಕಣ್ರೇ ಅಂತ ಹೇಳಿ ಹೇಳಿ ಸಾಕಾಗಿ ಈಗ ನಾನೂ ಹಾಗೇ ಅಂತೀನಿ. ಐ5 2400 ಪ್ರೊಸೆಸರ್ರು, ಎಚ್61 ಬೋರ್ಡು, 8 ಜಿಬಿ ರ್‍ಯಾಮು. ಪರದೆ ಮೇಲೆ ಚಿತ್ರ ಬಿಡಿಸೋ ಗ್ರಾಫಿಕ್ಸ್ ಕಾರ್ಡ್ ಆಮೇಲೆ ಹಾಕ್ಸಿದ್ರಾಯ್ತು ಅಂದ್ಕೊಂಡಿದ್ದೆ. ಆ ಆಮೇಲೆ ಬರೋಕೆ ಹನ್ನೆರಡು ವರ್ಷ ಹಿಡೀತು.

ಯಾಕೆ ಬೇಕಾಗಿತ್ತು ಅಂದ್ರೆ ಹೇಳೋಕೆ ಸ್ವಲ್ಪ ನಾಚಿಕೆ. ಸಿಲ್ಕ್ ಬೋರ್ಡ್ ಜಂಕ್ಷನ್ನಲ್ಲಿ ಸ್ಕೂಟರ್ ಓಡ್ಸೋಕೂ ಹೆದರೋ ನನಗೆ ಕಂಪ್ಯೂಟರಲ್ಲಿ ಯುರೋಪಿನ ಹೈವೇ ಮೇಲೆ ಹದಿನಾರು ಚಕ್ರದ ಲಾರಿ ಓಡಿಸೋ ಹುಚ್ಚು ಹತ್ತಿತ್ತು. ಪ್ರೊಸೆಸರ್ ಒಳಗೇ ಬಂದಿದ್ದ ಗ್ರಾಫಿಕ್ಸಲ್ಲಿ ಆ ಲಾರಿ ಹೋಗ್ತಿದ್ದ ರೀತಿ ನೋಡಿದ್ರೆ ಅದು ಲಾರಿ ಅಲ್ಲ, ಜಾತ್ರೇಲಿ ತೇರು, ಒಂದು ಸಲ ಎಳೆದ್ರೆ ಮುಂದಕ್ಕೆ, ಆಮೇಲೆ ಎಲ್ಲರೂ ಸುಧಾರಿಸ್ಕೋಬೇಕು.

ಅಣ್ಣನ ಮಗ ಇದರಲ್ಲಿ ಪಳಗಿದೋನು. "ಚಿಕ್ಕಪ್ಪ, ಸೆಕೆಂಡ್‌ಹ್ಯಾಂಡ್ ತಗೊಳ್ಳಿ, ಆದ್ರೆ ಮೈನಿಂಗ್ ಕಾರ್ಡ್ ಮಾತ್ರ ಬೇಡ" ಅಂದ. ಮೈನಿಂಗ್ ಅಂದ್ರೆ ನನ್ನ ತಲೆಮಾರಿಗೆ ಬಳ್ಳಾರಿ, ಕೆಂಪು ಧೂಳು, ಸಾಲು ಸಾಲು ಲಾರಿ. ಇದು ಬೇರೆ. ಕ್ರಿಪ್ಟೋ ನಾಣ್ಯ ತೆಗೆಯೋಕೆ ಜನ ಹತ್ತತ್ತು ಕಾರ್ಡ್ ಜೋಡಿಸಿ ಹಗಲು ರಾತ್ರಿ ಓಡಿಸ್ತಿದ್ರಂತೆ, 2021ರಲ್ಲಿ ಹಳೇ ಕಾರ್ಡಿಗೂ ಹೊಸದರ ರೇಟು ಬರೋಕೆ ಅದೂ ಒಂದು ಕಾರಣ. 2022ರ ಸೆಪ್ಟೆಂಬರ್ 15ಕ್ಕೆ ಈಥೀರಿಯಂ ಅನ್ನೋ ಕ್ರಿಪ್ಟೋ ನಾಣ್ಯದವ್ರು ಆ ಮೈನಿಂಗ್ ಪದ್ಧತೀನೇ ಕೈಬಿಟ್ಟಾಗ ದುಡಿದು ಸುಸ್ತಾದ ಕಾರ್ಡುಗಳೆಲ್ಲ ಒಂದೇ ಸಲ ಮಾರ್ಕೆಟ್ಟಿಗೆ ಬಂದ್ವು. ನಾನು ಕಣ್ಣಿಟ್ಟಿದ್ದು 2016ರ ಜಿಟಿಎಕ್ಸ್ 1050 ಟಿಐ. ಅದರ 4 ಜಿಬಿ ಮೆಮೊರಿ ಈಥೀರಿಯಂಗೆ 2020ರ ಕೊನೆ ಹೊತ್ತಿಗೇ ಸಾಲದಾಗಿತ್ತು, ಹಾಗಾಗಿ ಅಷ್ಟೊಂದು ಮೈಮುರಿದು ದುಡಿದಿರಲಿಕ್ಕಿಲ್ಲ ಅನ್ನೋದು ನನ್ನ ಲೆಕ್ಕ. ಸಂಬಂಧ ಹುಡುಕುವಾಗ ಹುಡುಗನ ಹಳೇ ಕೆಲಸ ವಿಚಾರಿಸಿದಂಗೆ.

ಅದನ್ನೇ ಆರಿಸಿದ್ದಕ್ಕೆ ಇನ್ನೊಂದು ಕಾರಣ ಕರೆಂಟು. ಬೋರ್ಡಿನ ಉದ್ದನೆ ಸ್ಲಾಟು 75 ವಾಟ್ ಕೊಡುತ್ತೆ, ಈ ಕಾರ್ಡಿಗೆ ಬೇಕಿರೋದೂ 75 ವಾಟೇ, ಮೇಲಿಂದ ಬೇರೆ ವೈರ್ ಚುಚ್ಚೋ ಹಂಗಿಲ್ಲ. ಇಷ್ಟೆಲ್ಲ ಓದ್ಕೊಂಡು ಭಾರೀ ಧೈರ್ಯದಲ್ಲಿ ಅಂಗಡಿಗೆ ಹೋದ್ರೆ ಹುಡುಗ ಕಾರ್ಡ್ ತೆಗೆಯೋಕೆ ಮುಂಚೆನೇ "ಎಸ್ಸೆಂಪಿಎಸ್ ಯಾವ್ದು ಸಾರ್?" ಅಂದ. ಡಬ್ಬದೊಳಗೆ ಎಲ್ಲಕ್ಕೂ ಕರೆಂಟ್ ಹಂಚೋ ಪೆಟ್ಟಿಗೆ ಅದು. 450 ವಾಟು ಅಂದೆ. "ಡಬ್ಬದ ಮೇಲೆ ಬರ್ದಿರೋದು ಬಿಡಿ, ಸೈಡಲ್ಲಿ ಸ್ಟಿಕ್ಕರ್ ಇರುತ್ತೆ, 12 ವೋಲ್ಟಿಗೆ ಎಷ್ಟು ಆಂಪ್ಸ್ ನೋಡ್ಕೊಂಡ್ ಬನ್ನಿ." ಮನೆಗೆ ಬಂದು ಟಾರ್ಚ್ ಹಾಕಿ ನೋಡಿದ್ರೆ 16. ಪ್ರೊಸೆಸರ್ರು, ಕಾರ್ಡು ಎರಡೂ ಮುಖ್ಯವಾಗಿ ಉಣ್ಣೋದು ಈ 12 ವೋಲ್ಟಿನ ಲೈನಿಂದ. ಹನ್ನೆರಡು ಹದಿನಾರಲಿ 192 ವಾಟು, ಪ್ರೊಸೆಸರಿಗೇ 95, ಕಾರ್ಡಿಗೆ 75, ಮಿಕ್ಕಿದ್ದು 22 ವಾಟು. ಅದರಲ್ಲಿ ಹಾರ್ಡ್ ಡಿಸ್ಕು, ಫ್ಯಾನು ಎಲ್ಲ ಬದುಕಬೇಕು. ತಿಂಗಳ ಕೊನೇಲಿ ನನ್ನ ಅಕೌಂಟ್ ಹೀಗೇ ಇರುತ್ತೆ. ಸರಿ, ಹೊಸ ಎಸ್ಸೆಂಪಿಎಸ್ಸೂ ಬಂತು.

ಕೌಪೀನ ಸಂರಕ್ಷಣಾರ್ಥಂ ಅಂತಾರಲ್ಲ, ಸನ್ಯಾಸಿ ಕೌಪೀನಾನ ಇಲಿ ಕಡೀತು ಅಂತ ಬೆಕ್ಕು ಸಾಕಿ, ಬೆಕ್ಕಿಗೆ ಹಾಲು ಬೇಕು ಅಂತ ಹಸು ಕಟ್ಟಿ, ಹಸು ನೋಡ್ಕೊಳ್ಳೋಕೆ ಜನ ಬೇಕು ಅಂತ ಕೊನೆಗೆ ಮದ್ವೇನೇ ಆಗ್ಬಿಟ್ಟ ಕತೆ, ಅದು ನನಗೆ ಪೂರ್ತಿ ಅರ್ಥ ಆಗಿದ್ದು ಈ ಕಾರ್ಡ್ ಕೊಂಡ ವಾರ.

ಭಾನುವಾರ ಡಬ್ಬದ ಸೈಡ್ ಬಿಚ್ಚಿದೆ. ಒಳಗಡೆ ಧೂಳು ಅನ್ನೋಕಾಗಲ್ಲ, ಬೂದು ಬಣ್ಣದ ಕಂಬಳಿ. ಅದರ ಮೇಲೆ ಅಲ್ಲಲ್ಲಿ ಕೆಂಪು. ಮೊದಲು ಏನೋ ಸುಟ್ಟಿದೆ ಅಂತ ಎದೆ ಧಸಕ್ ಅಂತು. ಆಮೇಲೆ ನೋಡಿದ್ರೆ ಕುಂಕುಮ. ಪ್ರತಿ ಆಯುಧ ಪೂಜೆಗೂ ಮುಂದಿನ ಜಾಲರಿ ಮೇಲೆ ಇಟ್ಟ ಕುಂಕುಮಾನ ಫ್ಯಾನು ಒಳಗೆಳ್ಕೊಂಡು ಪ್ರೊಸೆಸರ್ ಮೇಲಿನ ಹೀಟ್‌ಸಿಂಕಿನ ಸಂದಿಗೆಲ್ಲ ತುಂಬಿಟ್ಟಿತ್ತು. ಪೇಂಟ್ ಬ್ರಷ್ಷಲ್ಲಿ ಒರೆಸಿದಷ್ಟೂ ಬಂತು. ಒಂದು ಒಣಗಿದ ಸೇವಂತಿಗೆ ಎಸಳೂ ಸಿಕ್ತು.

ಹಿಂದುಗಡೆ ತಗಡಿನ ಪಟ್ಟಿ ಎರಡು ಮುರೀಬೇಕು, ಕಾರ್ಡು ಎರಡು ಮನೆ ಜಾಗ ತಗೊಳ್ಳುತ್ತೆ. ಆಚೆ ಈಚೆ ಬಗ್ಗಿಸಿ ಬಗ್ಗಿಸಿ ಕಿತ್ತೆ, ಹೆಬ್ಬೆರಳು ಕುಯ್ಕೊಂಡಿತು. ಕಾರ್ಡು ಸ್ಲಾಟಲ್ಲಿ ಕೂತಾಗ ಹಿಂದಿನ ಪುಟ್ಟ ಪ್ಲಾಸ್ಟಿಕ್ ಕೊಕ್ಕೆ ಟಕ್ ಅನ್ನುತ್ತೆ, ಅಷ್ಟೇ, ಅದೊಂದು ಸದ್ದಿಗೋಸ್ಕರ ಬೇಕಾದ್ರೆ ಮತ್ತೆ ದುಡ್ಡು ಖರ್ಚು ಮಾಡ್ಬಹುದು. ನಮ್ಮ ಸ್ಲಾಟು ಹಿಂದಿನ ತಲೆಮಾರಿನದು, ಕಾರ್ಡು ಮುಂದಿನದು, ಆದ್ರೂ ಹೊಂದ್ಕೊಂಡವು. ಅರ್ಧ ವೇಗದಲ್ಲಿ ಮಾತಾಡ್ಕೊಳ್ತವೆ, ಜಗಳ ಇಲ್ಲ.

ಆಮೇಲೆ ಮಾನಿಟರ್ ಕೇಬಲ್ ಕೈಗೆ ತಗೊಂಡೆ. ನೀಲಿ ತಲೆಯ ವಿಜಿಎ. ಕಾರ್ಡಲ್ಲಿ ಆ ತೂತೇ ಇಲ್ಲ! ಡ್ರಾಯರಲ್ಲಿ ವಿಜಿಎ ಕೇಬಲ್ನ ಕಾರ್ಡಿನ ಡಿವಿಐ ತೂತಿಗೆ ಸೇರಿಸೋ ಯಾವ ಕಾಲದ್ದೋ ಕನ್ವರ್ಟರ್ ಇತ್ತು, ತಳ್ಳಿದೆ, ಹೋಗ್ಲಿಲ್ಲ. ಕನ್ನಡಕ ಹಾಕ್ಕೊಂಡು ನೋಡಿದ್ರೆ ಕನ್ವರ್ಟರಲ್ಲಿ ಆ ಚಪ್ಪಟೆ ಪಿನ್ನಿನ ಸುತ್ತ ನಾಲ್ಕು ಸಣ್ಣ ಪಿನ್ನಿದಾವೆ, ಕಾರ್ಡಿನ ಕಡೆ ಆ ನಾಲ್ಕು ತೂತಿಲ್ಲ. ಹಳೇ ಅನಲಾಗ್ ಸಿಗ್ನಲ್ ಬರ್ತಿದ್ದಿದ್ದೇ ಆ ನಾಲ್ಕರಿಂದ, ಈ ಸರಣಿಯಿಂದ ಅದನ್ನ ತೆಗೆದುಬಿಟ್ಟಿದಾರೆ. ಮತ್ತೆ ಎಸ್.ಪಿ. ರೋಡು, ಮತ್ತೆ ಅದೇ ಹುಡುಗ, ಎಚ್‌ಡಿಎಂಐನ ವಿಜಿಎ ಮಾಡೋ ಪುಟ್ಟ ಡಬ್ಬಿ. "ಮಾನಿಟರ್ರೂ ಚೇಂಜ್ ಮಾಡ್ಬಿಡಿ ಸಾರ್" ಅಂದ. ಅವನ ಕಣ್ಣಲ್ಲಿ ಹಸು ಕಾಣಿಸ್ತು, ಬೇಡಪ್ಪ ಅಂದೆ.

ಆನ್ ಮಾಡಿದ್ರೆ ಕತ್ತಲೆ. ಫ್ಯಾನ್ ತಿರುಗ್ತಿದೆ, ಪರದೆ ಮೇಲೆ ಏನಿಲ್ಲ. ಅಣ್ಣನ ಮಗಂಗೆ ಫೋನ್ ಮಾಡಿದ್ರೆ ರ್‍ಯಾಮ್ ತೆಗೆದು ರಬ್ಬರಲ್ಲಿ ಉಜ್ಜಿ ಅಂದ. ಮಗಳ ಪೆನ್ಸಿಲ್ ಬಾಕ್ಸಿಂದ ರಬ್ಬರ್ ತಗೊಂಡು ಚಿನ್ನದ ಬಣ್ಣದ ಹಲ್ಲುಗಳನ್ನ ಉಜ್ಜಿ ಹಾಕಿದೆ, ಬಂತು. ಹೊಸ ಕಾರ್ಡು, ಹೊಸ ಎಸ್ಸೆಂಪಿಎಸ್ಸು, ಎಲ್ಲಕ್ಕಿಂತ ಕೆಲ್ಸಕ್ಕೆ ಬಂದಿದ್ದು ಐದು ರೂಪಾಯಿ ರಬ್ಬರು.

ಲಾರಿ ಈಗ ಓಡುತ್ತೆ. ಮಳೇಲಿ ವೈಪರ್ ಆಡೋದು, ರೋಡಿನ ನೀರಲ್ಲಿ ಮುಂದಿನ ಗಾಡಿಯ ಕೆಂಪು ಲೈಟ್ ಕಾಣೋದು, ಆಹಾ. ಆದ್ರೆ ಊರೊಳಗೆ ನುಗ್ಗಿದ್ರೆ ಮತ್ತೆ ಮುಗ್ಗರಿಸುತ್ತೆ. ಯಾಕೋ ಅಂತ ನೋಡಿದ್ರೆ ಪ್ರೊಸೆಸರ್ ನೂರಕ್ಕೆ ನೂರು ಉಸಿರುಗಟ್ಟಿ ಓಡ್ತಿದೆ, ಕಾರ್ಡು ನಲವತ್ತರಲ್ಲಿ ಆರಾಮಾಗಿ ಕಾಲು ಚಾಚ್ಕೊಂಡಿದೆ. ಪ್ರೊಸೆಸರ್ ಹೊಸದು ಬೇಕು ಅಂದ್ರೆ ಬೋರ್ಡ್ ಬೇಕು, ಬೋರ್ಡಿಗೆ ಡಿಡಿಆರ್4 ರ್‍ಯಾಮ್ ಬೇಕು, ಅಲ್ಲಿಗೆ ಸನ್ಯಾಸಿಗೆ ಮದ್ವೆ ಆದಂಗೆ. ನಾನೀಗ ಊರಿನ ಹೊರಗೆ ಬೈಪಾಸಲ್ಲೇ ಲಾರಿ ಓಡಿಸ್ತೀನಿ.

ಮೊನ್ನೆ ಆಯುಧ ಪೂಜೆ. ಸ್ಕೂಟರ್, ಮಿಕ್ಸಿ, ಇಳಿಗೆ ಮಣೆ ಎಲ್ಲ ಮುಗಿಸ್ಕೊಂಡು ಇವಳು ಕುಂಕುಮದ ಬಟ್ಟಲು ಹಿಡ್ಕೊಂಡು ಕಂಪ್ಯೂಟರ್ ಹತ್ರ ಬಂದ್ಲು. ಜಾಲರಿಗೆ ಬೇಡ ಮಾರಾಯ್ತಿ, ಒಳಗೋಗುತ್ತೆ, ಮೇಲೆ ಎಲ್ಲಾದ್ರೂ ಇಡು ಅಂದೆ.

"ದುಡ್ಡೆಲ್ಲ ಸುರಿದಿರೋದು ಒಳಗಡೆಗೆ ತಾನೆ? ಅಲ್ಲೇ ಇಡ್ತೀನಿ, ತೆಗೀರಿ" ಅಂದ್ಲು.

ನಾನು ಸ್ಕ್ರೂಡ್ರೈವರ್ ಹುಡುಕೋಕೆ ಹೋದೆ.